ರಕ್ತ ತೆಳುಗೊಳಿಸುವ ಗುಳಿಗೆ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆ: ನಿಲ್ಲಿಸುವ ಮುನ್ನ ಒಂದು ಮಾತು ಕೇಳಿ

(ಹೊರರೋಗಿಗಳ ಮಾಹಿತಿ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)





ಇಂದಿನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಹೃದಯಕ್ಕೆ ನುಂಗುವ ಗುಳಿಗೆಗೂ ಹರಿದ ಕಿವಿಗೂ ಏನು ಸಂಬಂಧ ಎಂದು ಕೇಳಬಹುದು. ಹೃದ್ರೋಗ ವೈದ್ಯರ ಕೋಣೆ ಬೇರೆ, ಪ್ಲಾಸ್ಟಿಕ್ ಸರ್ಜರಿ ವೈದ್ಯರ ಕೋಣೆ ಬೇರೆ, ನಿಜ. ಆದರೆ ಎರಡೂ ಕೋಣೆಗೆ ಹೋಗುವ ರೋಗಿ ಒಬ್ಬರೇ. ಅವರ ಮೈಯಲ್ಲಿ ಹರಿಯುವ ರಕ್ತವೂ ಒಂದೇ. ಆದ್ದರಿಂದ ಈ ಎರಡು ಕೋಣೆಗಳ ನಡುವೆ ಮಾತು ತಪ್ಪಿಹೋಗಬಾರದು ಎಂಬುದೇ ಇಂದಿನ ಮಾತಿನ ಸಾರ.

ಸೌಂದರ್ಯ ಶಸ್ತ್ರಚಿಕಿತ್ಸೆ ಎಂದರೆ ಸಿನಿಮಾದವರಿಗೆ ಮಾತ್ರ ಎಂದು ತಿಳಿಯಬೇಡಿ. ಭಾರದ ಬೆಂಡೋಲೆ ಹಾಕಿ ಹಾಕಿ ಕಿವಿಯ ಹಾಲೆ ಹರಿದ ತಾಯಂದಿರು ಬರುತ್ತಾರೆ. ಸುಟ್ಟ ಗಾಯದ ಕಲೆ ಸರಿಪಡಿಸಿಕೊಳ್ಳಲು, ಮುಖದ ಮಚ್ಚೆ ಅಥವಾ ಕೊಬ್ಬಿನ ಗಂಟು ತೆಗೆಸಿಕೊಳ್ಳಲು, ಇಳಿಬಿದ್ದ ಕಣ್ಣುರೆಪ್ಪೆ ಎತ್ತಿಸಿಕೊಳ್ಳಲು ಬರುವವರಿದ್ದಾರೆ. ಎದೆ ಉಬ್ಬಿದೆ ಎಂದು ಅಂಗಿ ಬಿಚ್ಚಲು ನಾಚುವ ತರುಣರಿದ್ದಾರೆ. ಹೊಟ್ಟೆಯ ಜೋತುಬಿದ್ದ ಚರ್ಮ ತೆಗೆಸುವವರು, ಕೂದಲು ಕಸಿ ಮಾಡಿಸಿಕೊಳ್ಳುವವರೂ ಇದ್ದಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹರಿದ ಕಿವಿಯನ್ನು ಜೋಡಿಸುವ 15 ಬಗೆಗಳನ್ನು ಸುಶ್ರುತ ಸಂಹಿತೆಯಲ್ಲಿಯೇ ಹೇಳಲಾಗಿದೆ. ನಮ್ಮ ದೇಶದಲ್ಲಿ ಈ ವಿದ್ಯೆ ಅಷ್ಟು ಹಳೆಯದು.

ಆದರೆ ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ. ಇವು ಕಾಯಬಲ್ಲ ಶಸ್ತ್ರಚಿಕಿತ್ಸೆಗಳು. ಕರುಳುಬಾಲ ಒಡೆದರೆ ಕಾಯಲಾಗದು, ಹೆರಿಗೆ ಕಷ್ಟವಾದರೆ ಕಾಯಲಾಗದು. ಕಿವಿಯ ಹಾಲೆ ಮಾತ್ರ ಈ ತಿಂಗಳಲ್ಲದಿದ್ದರೆ ಮುಂದಿನ ವರ್ಷವೂ ಕಾಯುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಕೇಳಿ.

ರಕ್ತ ಹೆಪ್ಪುಗಟ್ಟುವುದು ಹೇಗೆ?

ಕಾಲುವೆಯ ಒಡ್ಡು ಒಡೆದಾಗ ರೈತರು ಏನು ಮಾಡುತ್ತೀರಿ? ಮೊದಲು ಕೈಗೆ ಸಿಕ್ಕ ಕಲ್ಲು ಒಟ್ಟುತ್ತೀರಿ. ಆಮೇಲೆ ಹುಲ್ಲು ಕಲಸಿದ ಕೆಸರು ಮೆತ್ತಿ ಬಿಗಿ ಮಾಡುತ್ತೀರಿ. ಬರೀ ಕಲ್ಲಾದರೆ ಸಂದಿಯಲ್ಲಿ ನೀರು ಹರಿಯುತ್ತದೆ, ಬರೀ ಕೆಸರಾದರೆ ಕೊಚ್ಚಿ ಹೋಗುತ್ತದೆ.

ನಮ್ಮ ಮೈಯಲ್ಲೂ ಹೀಗೆಯೇ. ರಕ್ತನಾಳಕ್ಕೆ ಗಾಯವಾದ ಕೂಡಲೇ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಬಂದು ಅಂಟಿಕೊಳ್ಳುತ್ತವೆ. ಇವು ಕಲ್ಲುಗಳು. ಬಳಿಕ ರಕ್ತದಲ್ಲಿರುವ ಕೆಲವು ಪ್ರೋಟೀನುಗಳು ಒಂದರ ಹಿಂದೆ ಒಂದು ಎಚ್ಚರಗೊಂಡು ಫೈಬ್ರಿನ್ ಎಂಬ ನಾರಿನ ಬಲೆ ಹೆಣೆಯುತ್ತವೆ. ಅದು ಹುಲ್ಲು ಕಲಸಿದ ಕೆಸರು. ಎರಡೂ ಸೇರಿದಾಗ ರಕ್ತ ನಿಲ್ಲುತ್ತದೆ.

ಗಾಯವಾದಾಗ ಇದು ಜೀವ ಉಳಿಸುವ ಏರ್ಪಾಡು. ಆದರೆ ಗಾಯವಿಲ್ಲದ ಕಡೆ, ಹೃದಯದ ನಾಳದೊಳಗೋ ಮೆದುಳಿನ ನಾಳದೊಳಗೋ ಇಂಥ ಹೆಪ್ಪು ಕಟ್ಟಿದರೆ ಅದೇ ಹೃದಯಾಘಾತ, ಅದೇ ಲಕ್ವಾ. ಅದನ್ನು ತಡೆಯಲು ಕೊಡುವ ಗುಳಿಗೆಗಳನ್ನು ನಾವು ರಕ್ತ ತೆಳುಗೊಳಿಸುವ ಗುಳಿಗೆ ಎನ್ನುತ್ತೇವೆ. ವಾಸ್ತವವಾಗಿ ಇವುಗಳಿಂದ ರಕ್ತ ನೀರಾಗುವುದಿಲ್ಲ, ರಕ್ತ ಕಡಿಮೆಯೂ ಆಗುವುದಿಲ್ಲ. ಹೆಪ್ಪುಗಟ್ಟುವುದು ಮಾತ್ರ ನಿಧಾನವಾಗುತ್ತದೆ.

ಗುಳಿಗೆಗಳಲ್ಲಿ ಎರಡು ಜಾತಿ

ಮೊದಲನೆಯದು, ಕಲ್ಲು ಒಟ್ಟದಂತೆ ತಡೆಯುವ ಗುಳಿಗೆಗಳು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲಾರ್ ಈ ಜಾತಿಗೆ ಸೇರಿವೆ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಹೃದಯಾಘಾತವಾದವರು, ಕೆಲವು ಬಗೆಯ ಲಕ್ವಾ ಹೊಡೆದವರು ಇವನ್ನು ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ 'ಇಕೋಸ್ಪ್ರಿನ್' ಎಂಬ ಹೆಸರಿನಲ್ಲಿ ಸಿಗುವುದು ಆಸ್ಪಿರಿನ್ನೇ.

ಎರಡನೆಯದು, ಕೆಸರು ಬಿಗಿಯದಂತೆ ತಡೆಯುವ ಗುಳಿಗೆಗಳು. ವಾರ್ಫರಿನ್, 'ಅಸಿಟ್ರೋಮ್' ಎಂದು ಸಿಗುವ ಅಸೆನೋಕುಮರಾಲ್, ಇತ್ತೀಚಿನ ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಈ ಜಾತಿಯವು. ಲೋಹದ ಕವಾಟ ಹಾಕಿಸಿಕೊಂಡವರು, ಹೃದಯದ ಬಡಿತ ಏರುಪೇರಾಗಿ ಓಡುವವರು, ಕಾಲಿನ ಅಥವಾ ಶ್ವಾಸಕೋಶದ ನಾಳದಲ್ಲಿ ಹೆಪ್ಪು ಕಟ್ಟಿದವರು ಇವನ್ನು ತೆಗೆದುಕೊಳ್ಳುತ್ತಾರೆ. ಲೋಹದ ಕವಾಟದವರಿಗೆ ಮಾತ್ರ ವಾರ್ಫರಿನ್ ಅಥವಾ ಅಸಿಟ್ರೋಮ್ ಜಾತಿಯ ಗುಳಿಗೆಯೇ ಬೇಕು, ಹೊಸ ಗುಳಿಗೆಗಳು ನಡೆಯುವುದಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡ ಚಿತ್ರಾ ಕವಾಟವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಕೀಲುನೋವಿನ ಜ್ವರದಿಂದ ಚಿಕ್ಕಂದಿನಲ್ಲಿಯೇ ಕವಾಟ ಕೆಟ್ಟ ಎಷ್ಟೋ ಬಡವರಿಗೆ ಅದರಿಂದ ಮರುಜೀವ ಬಂತು. ಆದರೆ ಆ ಕವಾಟದ ಜೊತೆಗೆ ಗುಳಿಗೆಯೂ ಜೀವನಪರ್ಯಂತ ಬರುತ್ತದೆ.

ವಾರ್ಫರಿನ್ ಕಥೆ ದನ ಸಾಕುವವರಿಗೆ ಹಿಡಿಸುತ್ತದೆ. 1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ಮೇವು ಬೂಷ್ಟು ಹಿಡಿದದ್ದೇ ಕಾರಣವೆಂದು ತಿಳಿಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯದಲ್ಲಿ ಆ ಬೂಷ್ಟು ಮೇವಿನೊಳಗಿನ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಅಳತೆ ತಪ್ಪಿದರೆ ವಿಷ, ಅಳತೆಯಲ್ಲಿದ್ದರೆ ಅಮೃತ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ತಾವಾಗಿಯೇ ನಿಲ್ಲಿಸಿದರೆ ಏನಾಗುತ್ತದೆ?

ಹೀಗೆ ಎಂದುಕೊಳ್ಳಿ. ಒಬ್ಬ ಯಜಮಾನರಿಗೆ ನಾಲ್ಕು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ದಿನಾ ಎರಡು ಗುಳಿಗೆ ನುಂಗುತ್ತಿದ್ದಾರೆ. ಮಗಳ ಮದುವೆ ಹತ್ತಿರ ಬಂದಿದೆ. ಕಣ್ಣುರೆಪ್ಪೆ ಜೋತುಬಿದ್ದು ಮುಖ ಸೋತಂತೆ ಕಾಣುತ್ತದೆ, ಸರಿ ಮಾಡಿಸಿಕೊಳ್ಳೋಣ ಎಂದು ಬಯಸುತ್ತಾರೆ. 'ಆಪರೇಶನ್‌ಗೆ ಮೊದಲು ರಕ್ತದ ಗುಳಿಗೆ ಬಿಡಬೇಕಂತೆ' ಎಂದು ನೆರೆಯವರೊಬ್ಬರು ಹೇಳುತ್ತಾರೆ. ಇವರು ಎರಡನ್ನೂ ಬಿಟ್ಟುಬಿಡುತ್ತಾರೆ.

ಹೊಸ ಸ್ಟೆಂಟ್ ಎಂದರೆ ನಾಳದೊಳಗಿನ ತಂತಿಯ ಜಾಲರಿ. ಅದರ ಮೇಲೆ ನಾಳದ ಒಳಪೊರೆ ಬೆಳೆದು ಮುಚ್ಚಿಕೊಳ್ಳಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಬರಿಯ ತಂತಿಯ ಮೇಲೆ ಹೆಪ್ಪು ಕಟ್ಟಲು ರಕ್ತ ಹವಣಿಸುತ್ತಲೇ ಇರುತ್ತದೆ. ತಡೆದು ನಿಲ್ಲಿಸಿರುವುದು ಆ ಎರಡು ಗುಳಿಗೆಗಳು. ಬಿಟ್ಟರೆ ಸ್ಟೆಂಟ್ ಒಮ್ಮೆಲೇ ಕಟ್ಟಿಕೊಳ್ಳಬಹುದು. ಅದು ದೊಡ್ಡ ಹೃದಯಾಘಾತ. ಅಂಥದರಲ್ಲಿ ಪ್ರಾಣ ಉಳಿಯುವುದು ಕಷ್ಟ. ಶಸ್ತ್ರಚಿಕಿತ್ಸೆಯ ಪೆಟ್ಟಿಗೆ ದೇಹವು ರಕ್ತವನ್ನು ಇನ್ನಷ್ಟು ಬೇಗ ಹೆಪ್ಪುಗಟ್ಟಿಸುತ್ತದೆ ಎಂಬುದನ್ನೂ ಗಮನಿಸಿ. ಅಂದರೆ ಗುಳಿಗೆ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಅದು ಇಲ್ಲದಂತಾಗುತ್ತದೆ.

ಲೋಹದ ಕವಾಟದವರೂ ಅಷ್ಟೇ. ಗುಳಿಗೆ ಬಿಟ್ಟರೆ ಕವಾಟದ ಮೇಲೆ ಹೆಪ್ಪು ಕಟ್ಟಿ ಕವಾಟವೇ ಸಿಕ್ಕಿಹಾಕಿಕೊಳ್ಳಬಹುದು. ಆ ಹೆಪ್ಪಿನ ತುಣುಕು ಮೆದುಳಿಗೆ ಹೋದರೆ ಲಕ್ವಾ.

ಹೇಳದೆ ಮುಚ್ಚಿಟ್ಟರೆ ಏನಾಗುತ್ತದೆ?

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. 'ಗುಳಿಗೆ ವಿಷಯ ಹೇಳಿದರೆ ಆಪರೇಶನ್ ಮುಂದೆ ಹಾಕುತ್ತಾರೆ' ಎಂದು ಕೆಲವರು ಹೇಳುವುದೇ ಇಲ್ಲ. ಸೌಂದರ್ಯ ಶಸ್ತ್ರಚಿಕಿತ್ಸೆಯಲ್ಲಿ ಚರ್ಮವನ್ನು ಒಳಗಿನಿಂದ ಬಿಡಿಸಿ ಎತ್ತುತ್ತಾರೆ. ಕೆಳಗೆ ಪೊಳ್ಳು ಜಾಗ ಉಳಿಯುತ್ತದೆ. ಅಲ್ಲಿ ರಕ್ತ ಜಿನುಗಿ ತುಂಬಿಕೊಂಡರೆ ಚರ್ಮದ ಮೇಲೆ ಒತ್ತಡ ಬಿದ್ದು ಚರ್ಮ ಸಾಯಬಹುದು, ಕೀವಾಗಬಹುದು, ಗಾಯ ಮತ್ತೆ ಬಿಚ್ಚಬೇಕಾಗಬಹುದು. ಚೆಂದಕ್ಕೆಂದು ಮಾಡಿಸಿದ್ದು ಕಲೆಯಾಗಿ ಉಳಿಯುತ್ತದೆ.

ಎಲ್ಲಕ್ಕಿಂತ ಭಯದ್ದು ಕಣ್ಣುರೆಪ್ಪೆಯದು. ಅಪರೂಪಕ್ಕೆ ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬಿ ಕಣ್ಣಿನ ನರದ ಮೇಲೆ ಒತ್ತಡ ಬೀಳುತ್ತದೆ. ತಕ್ಷಣ ಬಿಡಿಸದಿದ್ದರೆ ದೃಷ್ಟಿಯೇ ಹೋಗುತ್ತದೆ. ಹಾಗೆಯೇ ಬೆನ್ನಿಗೆ ಸೂಜಿ ಚುಚ್ಚಿ ಅರಿವಳಿಕೆ ಕೊಡುವಾಗ ರಕ್ತ ತೆಳುವಿದ್ದರೆ ಬೆನ್ನುಹುರಿಯ ಬಳಿ ರಕ್ತ ಕಟ್ಟಿ ಕಾಲು ಸ್ವಾಧೀನ ತಪ್ಪಬಹುದು. ಆದ್ದರಿಂದ ಶಸ್ತ್ರವೈದ್ಯರಿಗೆ ಹೇಳಿದ್ದನ್ನು ಅರಿವಳಿಕೆ ವೈದ್ಯರಿಗೂ ಮತ್ತೊಮ್ಮೆ ಹೇಳಿ. ಎರಡು ಸಲ ಹೇಳಿದರೆ ನಷ್ಟವಿಲ್ಲ.

ಎಲ್ಲದಕ್ಕೂ ನಿಲ್ಲಿಸಬೇಕಿಲ್ಲ

ಇದು ಬಹಳ ಜನಕ್ಕೆ ಗೊತ್ತಿಲ್ಲದ ಮಾತು. ಸಣ್ಣ ಮಚ್ಚೆ ತೆಗೆಯುವುದು, ಚರ್ಮದ ಚಿಕ್ಕ ಗಂಟು ತೆಗೆಯುವುದು, ಹರಿದ ಕಿವಿಹಾಲೆ ಹೊಲಿಯುವುದು ಮುಂತಾದವು ಚರ್ಮದ ಮೇಲ್ಭಾಗದ ಕೆಲಸಗಳು. ರಕ್ತ ಬಂದರೂ ಕಣ್ಣಿಗೆ ಕಾಣುತ್ತದೆ, ಬೆರಳಿನಿಂದ ಒತ್ತಿ ನಿಲ್ಲಿಸಬಹುದು. ಇಂಥವುಗಳನ್ನು ಸಾಮಾನ್ಯವಾಗಿ ಗುಳಿಗೆ ನಿಲ್ಲಿಸದೆಯೇ ಮಾಡುತ್ತಾರೆ. ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರಿಗೆ ಐ.ಎನ್.ಆರ್. ಪರೀಕ್ಷೆ ಮಾಡಿಸಿ, ಅದು ಮಿತಿಯಲ್ಲಿದೆಯೇ ಎಂದು ನೋಡಿಕೊಳ್ಳುತ್ತಾರೆ, ಅಷ್ಟೆ.

ಐ.ಎನ್.ಆರ್. ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತಿಳಿಸುವ ಅಂಕಿ. ಗುಳಿಗೆ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1 ಇರುತ್ತದೆ. ಗುಳಿಗೆ ತೆಗೆದುಕೊಳ್ಳುವ ಬಹುಪಾಲು ರೋಗಿಗಳಲ್ಲಿ 2ರಿಂದ 3ರ ನಡುವೆ ಇರಬೇಕು. ಕೆಲವು ಲೋಹದ ಕವಾಟದವರಲ್ಲಿ ಇನ್ನೂ ಸ್ವಲ್ಪ ಹೆಚ್ಚಿರಬೇಕು.

ದೊಡ್ಡ ಕೆಲಸಗಳ ಮಾತು ಬೇರೆ. ಹೊಟ್ಟೆಯ ಚರ್ಮ ತೆಗೆಯುವುದು, ಕೊಬ್ಬು ಹೀರಿ ತೆಗೆಯುವುದು, ಮುಖದ ಚರ್ಮ ಎಳೆದು ಬಿಗಿ ಮಾಡುವುದು, ಎದೆಯ ಶಸ್ತ್ರಚಿಕಿತ್ಸೆ, ಕಣ್ಣುರೆಪ್ಪೆಯ ಒಳಗಿನ ಕೊಬ್ಬು ತೆಗೆಯುವುದು, ಇವುಗಳಿಗೆ ಗುಳಿಗೆಯ ವಿಚಾರವನ್ನು ಇಬ್ಬರು ವೈದ್ಯರು ಕೂಡಿಯೇ ತೀರ್ಮಾನಿಸಬೇಕು.

ಯಾರು ಕಾಯಲೇಬೇಕು?

1. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ಸಾಮಾನ್ಯವಾಗಿ 12 ತಿಂಗಳು.

2. ಹೃದಯಾಘಾತವಿಲ್ಲದೆ, ನಾಳ ಕಿರಿದಾಗಿದೆ ಎಂದು ಔಷಧಿ ಲೇಪಿತ ಸ್ಟೆಂಟ್ ಹಾಕಿಸಿಕೊಂಡವರು ಸಾಮಾನ್ಯವಾಗಿ 6 ತಿಂಗಳು.

3. ಕಾಲಿನ ನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು ಕಟ್ಟಿದವರು ಕನಿಷ್ಠ 3 ತಿಂಗಳು.

4. ಲಕ್ವಾ ಹೊಡೆದವರು ಕನಿಷ್ಠ 3 ತಿಂಗಳು. ಅಂದದ ಶಸ್ತ್ರಚಿಕಿತ್ಸೆಗಾದರೆ ಇನ್ನೂ ಹೆಚ್ಚು ಕಾಯುವುದೇ ಒಳ್ಳೆಯದು.

ಇವು ಕನಿಷ್ಠ ಅವಧಿಗಳು. ಅವಧಿ ಮುಗಿದ ಮಾತ್ರಕ್ಕೆ ಗುಳಿಗೆ ಬಿಡಬಹುದು ಎಂದರ್ಥವಲ್ಲ. ಸ್ಟೆಂಟ್ ಇರುವವರು ಎರಡನೆಯ ಗುಳಿಗೆಯನ್ನು ನಿಲ್ಲಿಸಿದರೂ ಆಸ್ಪಿರಿನ್ ಮಾತ್ರ ಮುಂದುವರಿಸುವುದು ಸಾಮಾನ್ಯ ಪದ್ಧತಿ. ಆಸ್ಪಿರಿನ್ನನ್ನೂ ಬಿಡದೆ ಆಪರೇಶನ್ ಮಾಡಲು ಬರುವುದಿಲ್ಲ ಎಂದು ಶಸ್ತ್ರವೈದ್ಯರು ಹೇಳಿದರೆ, ಹೃದ್ರೋಗ ವೈದ್ಯರು ಬೇಡವೆಂದರೆ, ಆಗ ಬಿಡಬೇಕಾದದ್ದು ಗುಳಿಗೆಯನ್ನಲ್ಲ, ಆಪರೇಶನ್ನನ್ನು.

ಎಷ್ಟು ದಿನ ಮೊದಲು?

ಇಬ್ಬರೂ ವೈದ್ಯರು ಒಪ್ಪಿ ನಿಲ್ಲಿಸಲು ಹೇಳಿದಾಗ ಎಷ್ಟು ದಿನ ಎಂಬುದು ಗುಳಿಗೆಯ ಮೇಲೆ ನಿಂತಿದೆ. ಪಕ್ಕದ ಮನೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ.

ಆಸ್ಪಿರಿನ್ ಒಂದು ಪ್ಲೇಟ್‌ಲೆಟ್ಟನ್ನು ಒಮ್ಮೆ ತಡೆದರೆ ಅದು ಸಾಯುವವರೆಗೂ ಎದ್ದೇಳುವುದಿಲ್ಲ. ಪ್ಲೇಟ್‌ಲೆಟ್ಟಿನ ಆಯಸ್ಸು 7ರಿಂದ 10 ದಿನ. ಹೊಸವು ಹುಟ್ಟಿ ತುಂಬಿಕೊಳ್ಳಬೇಕು. ಆದ್ದರಿಂದ ಆಸ್ಪಿರಿನ್ ಪರಿಣಾಮ ಪೂರ್ತಿ ಹೋಗಲು ಸುಮಾರು ಒಂದು ವಾರ ಬೇಕು. ಹಿಂದಿನ ದಿನ ರಾತ್ರಿ ಒಂದು ಗುಳಿಗೆ ಬಿಟ್ಟು ಬಂದರೆ ಏನೂ ಪ್ರಯೋಜನವಿಲ್ಲ. ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ 5 ದಿನ, ಪ್ರಾಸುಗ್ರೆಲ್ 7 ದಿನ, ಟಿಕಾಗ್ರೆಲಾರ್ 3ರಿಂದ 5 ದಿನ.

ವಾರ್ಫರಿನ್ 5 ದಿನ, ಅಸಿಟ್ರೋಮ್ 2ರಿಂದ 3 ದಿನ. ಎರಡೂ ಒಂದೇ ಜಾತಿಯಾದರೂ ಅಸಿಟ್ರೋಮ್ ಮೈಯಿಂದ ಬೇಗ ಇಳಿಯುತ್ತದೆ. ರಿವರಾಕ್ಸಬಾನ್, ಅಪಿಕ್ಸಬಾನ್ ಸಾಮಾನ್ಯ ಶಸ್ತ್ರಚಿಕಿತ್ಸೆಗೆ 1 ದಿನ, ರಕ್ತಸ್ರಾವದ ಭಯ ಹೆಚ್ಚಿರುವ ಶಸ್ತ್ರಚಿಕಿತ್ಸೆಗೆ 2 ದಿನ. ಡಾಬಿಗಾಟ್ರಾನ್ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಿದ್ದವರಲ್ಲಿ ಇನ್ನೂ ಹೆಚ್ಚು ದಿನ ನಿಲ್ಲಿಸಬೇಕಾಗುತ್ತದೆ.

ದಿನ ಎಣಿಸುವಲ್ಲಿ ಅನೇಕರು ಎಡವುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ಗುರುವಾರ ಆಪರೇಶನ್, ವಾರ್ಫರಿನ್ 5 ದಿನ ನಿಲ್ಲಿಸಬೇಕು ಎಂದುಕೊಳ್ಳಿ. ಕೊನೆಯ ಗುಳಿಗೆ ಹಿಂದಿನ ಶುಕ್ರವಾರ ರಾತ್ರಿ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಈ ಐದು ದಿನ ಗುಳಿಗೆ ಇಲ್ಲ. ಬುಧವಾರ ಐ.ಎನ್.ಆರ್. ಪರೀಕ್ಷೆ. ಅದು 1.5ಕ್ಕಿಂತ ಕಡಿಮೆ ಇದ್ದರೆ ಗುರುವಾರ ಆಪರೇಶನ್. ಈ ದಿನಗಳನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಳ್ಳಿ. ಮತ್ತೆ ಶುರು ಮಾಡುವ ದಿನವನ್ನೂ ಅದರಲ್ಲಿಯೇ ಬರೆಸಿಕೊಳ್ಳಿ. ನಿಲ್ಲಿಸಿದ್ದು ನೆನಪಿದ್ದು ಶುರು ಮಾಡುವುದು ಮರೆತರೆ ಅನಾಹುತ.

ನಡುವೆ ಇಂಜೆಕ್ಷನ್ ಬೇಕೇ?

ಹಿಂದೆ ವಾರ್ಫರಿನ್ ನಿಲ್ಲಿಸಿದವರಿಗೆಲ್ಲ ನಡುವಿನ ದಿನಗಳಲ್ಲಿ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಇಂಜೆಕ್ಷನ್ ಕೊಡುವ ರೂಢಿ ವ್ಯಾಪಕವಾಗಿತ್ತು. 2015ರಲ್ಲಿ ಪ್ರಕಟವಾದ 'ಬ್ರಿಜ್' ಅಧ್ಯಯನದಲ್ಲಿ, ಹೃದಯ ಬಡಿತದ ಏರುಪೇರಿಗೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ 1,884 ರೋಗಿಗಳನ್ನು ಪರಿಶೀಲಿಸಿದರು. ಇಂಜೆಕ್ಷನ್ ಕೊಟ್ಟವರಲ್ಲಿಯೂ ಕೊಡದವರಲ್ಲಿಯೂ ಹೆಪ್ಪಿನ ತೊಂದರೆ ಹೆಚ್ಚುಕಡಿಮೆ ಒಂದೇ ಆಗಿತ್ತು. ದೊಡ್ಡ ರಕ್ತಸ್ರಾವ ಮಾತ್ರ ಇಂಜೆಕ್ಷನ್ ಕೊಟ್ಟವರಲ್ಲಿ ಶೇಕಡಾ 3.2, ಕೊಡದವರಲ್ಲಿ ಶೇಕಡಾ 1.3. ಅಲ್ಲಿಂದೀಚೆಗೆ ಇಂಥ ರೋಗಿಗಳಲ್ಲಿ ಬಹುಪಾಲು ಜನರಿಗೆ ಇಂಜೆಕ್ಷನ್ ಬೇಕಿಲ್ಲ ಎಂದಾಯಿತು. ಆದರೆ ಕೆಲವು ಲೋಹದ ಕವಾಟದವರಿಗೆ, ಇತ್ತೀಚೆಗಷ್ಟೇ ಹೆಪ್ಪು ಕಟ್ಟಿದವರಿಗೆ ಅದು ಬೇಕಾಗಬಹುದು. 'ನನಗೇಕೆ ಇಂಜೆಕ್ಷನ್ ಕೊಡಲಿಲ್ಲ' ಎಂದೋ 'ಅವರಿಗೆ ಕೊಡಲಿಲ್ಲ, ನನಗೇಕೆ' ಎಂದೋ ಸಂಶಯಪಡಬೇಡಿ, ವೈದ್ಯರನ್ನೇ ಕೇಳಿ.

ಔಷಧಿ ಎನಿಸದ ಔಷಧಿಗಳು

'ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?' ಎಂದು ಕೇಳಿದರೆ 'ಇಲ್ಲ' ಎನ್ನುವವರೇ ಹೆಚ್ಚು. ಚೀಲ ಬಿಚ್ಚಿಸಿದರೆ ನಾಲ್ಕು ಬಗೆಯ ಗುಳಿಗೆ ಹೊರಬೀಳುತ್ತವೆ.

ಡಿಸ್ಪ್ರಿನ್‌ನಲ್ಲಿರುವುದು ಆಸ್ಪಿರಿನ್. ಕೊಬ್ಬಿನ ಗುಳಿಗೆಯೆಂದು ಕೆಲವರು ತಿಳಿದಿರುವ ಕ್ಯಾಪ್ಸೂಲಿನಲ್ಲಿ ಕೊಬ್ಬಿನ ಔಷಧಿಯ ಜೊತೆ ಆಸ್ಪಿರಿನ್ ಸೇರಿರುವುದುಂಟು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೋಫೆನ್ ಸಹ ಪ್ಲೇಟ್‌ಲೆಟ್ಟನ್ನು ತಡೆಯುತ್ತವೆ. ಆಪರೇಶನ್‌ಗೆ ಮುನ್ನ ನೋವಿಗೆ ಏನು ತೆಗೆದುಕೊಳ್ಳಬೇಕೆಂದು ಕೇಳಿ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಹೇಳುತ್ತಾರೆ.

ಬೆಳ್ಳುಳ್ಳಿ, ಶುಂಠಿ, ಅರಿಸಿನ ಅಡುಗೆಯಲ್ಲಿ ಬಳಸುವಷ್ಟರಿಂದ ತೊಂದರೆಯಿಲ್ಲ. ಆದರೆ ಅವುಗಳ ಸಾರ ತೆಗೆದ ಕ್ಯಾಪ್ಸೂಲು, ಮೀನೆಣ್ಣೆ, ವಿಟಮಿನ್ ಇ, ಗಿಂಕೋ ಮುಂತಾದವು ರಕ್ತಸ್ರಾವ ಹೆಚ್ಚಿಸಬಹುದು. ಇವುಗಳನ್ನು ಒಂದೆರಡು ವಾರ ಮೊದಲೇ ನಿಲ್ಲಿಸಲು ಹೇಳುವುದುಂಟು. ನಾಟಿ ಔಷಧಿಯ ಪುಡಿ, ಲೇಹ್ಯ ಇದ್ದರೆ ಅದನ್ನೂ ತನ್ನಿ. ಯಾರೂ ಬೈಯುವುದಿಲ್ಲ.

ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರಿಗೆ ಸೊಪ್ಪಿನ ಮಾತು. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಗುಳಿಗೆಯ ಎದುರಾಳಿ. ಹಾಗೆಂದು ಸೊಪ್ಪು ಬಿಡಬೇಡಿ. ರೊಟ್ಟಿಯ ಜೊತೆ ಪುಂಡಿಪಲ್ಯೆ, ಮೆಂತ್ಯೆ, ಪಾಲಕ್ ಎಂದಿನಂತೆ ತಿನ್ನಿ. ಒಂದು ವಾರ ಪೂರ್ತಿ ಬಿಟ್ಟು ಇನ್ನೊಂದು ವಾರ ಮೂರು ಹೊತ್ತೂ ತಿನ್ನುವುದು ಮಾತ್ರ ಬೇಡ.

ಆಪರೇಶನ್ ಆದ ಮೇಲೆ

ವಾರ್ಫರಿನ್ ಪೂರ್ತಿ ಹಿಡಿತಕ್ಕೆ ಬರಲು ಹಲವು ದಿನ ಬೇಕು. ಆದ್ದರಿಂದ ಆ ದಿನ ರಾತ್ರಿ ಅಥವಾ ಮರುದಿನವೇ ಶುರು ಮಾಡಲು ಹೇಳುವುದು ಸಾಮಾನ್ಯ. ರಿವರಾಕ್ಸಬಾನ್, ಅಪಿಕ್ಸಬಾನ್ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುವುದರಿಂದ ಗಾಯ ಸ್ವಲ್ಪ ಕೂಡಿಕೊಂಡ ಮೇಲೆ, ಅಂದರೆ 1ರಿಂದ 3 ದಿನ ಬಿಟ್ಟು ಶುರು ಮಾಡುತ್ತಾರೆ. ಬಿಟ್ಟ ದಿನಗಳದ್ದನ್ನು ಸೇರಿಸಿ ಎರಡೆರಡು ಗುಳಿಗೆ ನುಂಗಬೇಡಿ.

ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಮಲಗಿಯೇ ಇದ್ದರೆ ಕಾಲಿನ ನಾಳದಲ್ಲಿ ಹೆಪ್ಪು ಕಟ್ಟುವ ಭಯವಿದೆ. ಆದ್ದರಿಂದ ಮೊದಲು ಯಾವ ಗುಳಿಗೆಯನ್ನೂ ತೆಗೆದುಕೊಳ್ಳದಿದ್ದವರಿಗೂ ಕೆಲವೊಮ್ಮೆ ಕೆಲವು ದಿನ ರಕ್ತ ತೆಳುಗೊಳಿಸುವ ಇಂಜೆಕ್ಷನ್ ಕೊಡುತ್ತಾರೆ. ಬೇಗ ಎದ್ದು ಓಡಾಡಿ. ಗರ್ಭನಿರೋಧಕ ಗುಳಿಗೆ ನುಂಗುವ ತಾಯಂದಿರು ಅದನ್ನೂ ಮೊದಲೇ ತಿಳಿಸಿ, ಅದರಿಂದಲೂ ಹೆಪ್ಪಿನ ಭಯ ಹೆಚ್ಚುತ್ತದೆ.

ಈ ಕೆಳಗಿನವು ಕಂಡರೆ ಬೆಳಗಾಗಲಿ ಎಂದು ಕಾಯದೆ ಬನ್ನಿ:

1. ಒಂದೇ ಬದಿ ದಿಢೀರನೆ ಊದಿಕೊಂಡು ಬಿಗಿದು ನೋಯುವುದು.

2. ಕಣ್ಣಿನ ಆಪರೇಶನ್ ನಂತರ ತೀವ್ರ ನೋವು, ಕಣ್ಣು ಮುಂದೆ ಬಂದಂತಾಗುವುದು, ನೋಟ ಮಸುಕಾಗುವುದು.

3. ಶುಭ್ರ ಬಟ್ಟೆಯಿಂದ 15 ನಿಮಿಷ ಬಿಡದೆ ಒತ್ತಿ ಹಿಡಿದರೂ ರಕ್ತ ನಿಲ್ಲದಿರುವುದು. ನಡುನಡುವೆ ಬಟ್ಟೆ ಎತ್ತಿ ನೋಡಬಾರದು.

4. ಒಂದು ಮೀನಖಂಡ ಮಾತ್ರ ಊದಿ ನೋಯುವುದು, ಉಸಿರು ಕಟ್ಟುವುದು, ಎದೆನೋವು.

5. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು. ಲಕ್ವಾದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಕಾಲ ನಾಲ್ಕೂವರೆ ಗಂಟೆ ಮಾತ್ರ. 108ಕ್ಕೆ ಫೋನ್ ಮಾಡಿ.

ಸಭಿಕರು ಕೇಳಿದ ಕೆಲವು ಪ್ರಶ್ನೆಗಳು

'ಡಾಕ್ಟರೇ, ನನಗೆ ಹೃದಯದ ಕಾಯಿಲೆ ಏನೂ ಇಲ್ಲ. ವಯಸ್ಸಾಯಿತು, ಒಳ್ಳೆಯದು ಎಂದು ನಾನೇ ಇಕೋಸ್ಪ್ರಿನ್ ನುಂಗುತ್ತೇನೆ. ಬಿಡಬಹುದೇ?'

ಯಜಮಾನರೇ, ಕಾಯಿಲೆಯಿಲ್ಲದೆ, ಯಾರೂ ಬರೆದುಕೊಡದೆ ನುಂಗುವ ಆಸ್ಪಿರಿನ್ನಿಂದ ವಯಸ್ಸಾದವರಿಗೆ ಲಾಭಕ್ಕಿಂತ ರಕ್ತಸ್ರಾವದ ತೊಂದರೆಯೇ ಹೆಚ್ಚು. ನಿಮ್ಮ ವೈದ್ಯರಿಗೆ ಒಮ್ಮೆ ತೋರಿಸಿ, ನಿಜವಾಗಿಯೂ ಕಾರಣವಿಲ್ಲವೆಂದು ಖಚಿತವಾದರೆ ಬಿಡುವುದೇ ಸರಿ. ಆದರೆ ಲಕ್ವಾಕ್ಕೋ ಹೃದಯಾಘಾತಕ್ಕೋ ಬರೆದುಕೊಟ್ಟದ್ದಾದರೆ ಈ ಮಾತು ಅನ್ವಯಿಸುವುದಿಲ್ಲ.

'ನನ್ನ ತಂಗಿಗೆ ಲೋಹದ ಕವಾಟ ಇದೆ. ಹರಿದ ಕಿವಿ ಹೊಲಿಸಿಕೊಳ್ಳಬೇಕು ಅಂತಾಳೆ. ಅವಳಿಗೆ ಇದು ಕನಸೇ ಏನ್ರಿ?'

ಕನಸಲ್ಲ ತಾಯಿ. ಕಿವಿಹಾಲೆ ಚಿಕ್ಕ ಕೆಲಸ. ಗುಳಿಗೆ ನಿಲ್ಲಿಸದೆ, ಐ.ಎನ್.ಆರ್. ನೋಡಿಕೊಂಡು, ಸ್ಥಳೀಯ ಅರಿವಳಿಕೆಯಲ್ಲಿ ಮಾಡಲು ಸಾಧ್ಯವಿದೆ. ಕವಾಟಕ್ಕೆ ಸೋಂಕು ತಗಲದಂತೆ ಏನಾದರೂ ಔಷಧಿ ಬೇಕೇ ಎಂದು ಹೃದ್ರೋಗ ವೈದ್ಯರನ್ನು ಕೇಳಿಕೊಂಡು ಬನ್ನಿ. ಅವರ ಚೀಟಿ ತರುವುದನ್ನು ಮರೆಯಬೇಡಿ.

'ಮದುವೆ ಇನ್ನು ಮೂರು ವಾರ. ಸ್ಟೆಂಟ್ ಹಾಕಿ ಐದು ತಿಂಗಳು. ಏನಾದರೂ ಮಾಡಿ ಕಣ್ಣುರೆಪ್ಪೆ ಸರಿ ಮಾಡಿಕೊಡಿ.'

ಅಣ್ಣಾ, ಮದುವೆಯಲ್ಲಿ ಮಗಳಿಗೆ ಬೇಕಾದದ್ದು ಅಪ್ಪ. ಅಪ್ಪನ ಕಣ್ಣುರೆಪ್ಪೆ ಹೇಗಿದೆ ಎಂದು ಯಾರೂ ನೋಡುವುದಿಲ್ಲ. ಅವಧಿ ಮುಗಿಯಲಿ, ಹೃದ್ರೋಗ ವೈದ್ಯರು ಒಪ್ಪಲಿ, ಆಮೇಲೆ ಬನ್ನಿ. ಅಷ್ಟರವರೆಗೆ ಒಂದೂ ಗುಳಿಗೆ ತಪ್ಪಿಸಬೇಡಿ.

ನೆನಪಿಡಬೇಕಾದ ಐದು ಮಾತು

1. ರಕ್ತ ತೆಳುಗೊಳಿಸುವ ಗುಳಿಗೆಯನ್ನು ತಾವಾಗಿ ನಿಲ್ಲಿಸಬೇಡಿ, ತಾವಾಗಿ ಮುಚ್ಚಿಡಬೇಡಿ.

2. ಆಸ್ಪತ್ರೆಗೆ ಬರುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ, ಪುಡಿ, ಎಣ್ಣೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಸ್ಟೆಂಟ್ ಅಥವಾ ಕವಾಟ ಹಾಕಿದ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನೂ ತನ್ನಿ.

3. ಗುಳಿಗೆ ಕೊಟ್ಟ ವೈದ್ಯರು, ಶಸ್ತ್ರವೈದ್ಯರು, ಅರಿವಳಿಕೆ ವೈದ್ಯರು, ಮೂವರಿಗೂ ವಿಷಯ ಗೊತ್ತಿರಲಿ.

4. ನಿಲ್ಲಿಸುವ ದಿನ, ಮತ್ತೆ ಶುರು ಮಾಡುವ ದಿನ ಎರಡನ್ನೂ ಬರೆಸಿಕೊಳ್ಳಿ. ಓದು ಬಾರದವರು ಮನೆಯ ಮಕ್ಕಳನ್ನು ಜೊತೆಗೆ ಕರೆತನ್ನಿ.

5. ಕಾಯಬಲ್ಲ ಶಸ್ತ್ರಚಿಕಿತ್ಸೆ ಕಾಯಲಿ. ಹೃದಯ ಕಾಯುವುದಿಲ್ಲ.

ತಮ್ಮ ಚೀಲದಲ್ಲಿರುವ ಗುಳಿಗೆಗಳ ಬಗ್ಗೆ ಸಂಶಯವಿದ್ದವರು ಈಗಲೇ ಔಷಧಿ ಕೌಂಟರಿನ ಬಳಿ ಕುಳಿತಿರುವ ಸಿಬ್ಬಂದಿಗೆ ತೋರಿಸಿ. ಯಾವುದು ಯಾವುದಕ್ಕೆ ಎಂದು ಪಟ್ಟಿ ಬರೆದುಕೊಡುತ್ತಾರೆ. ಆ ಪಟ್ಟಿ ಸದಾ ನಿಮ್ಮ ಜೇಬಿನಲ್ಲಿರಲಿ.